ಮಗುಚಿ ನೋಡದೆ ಕೊಂಡ ದೋಣಿ



ಯಗಟಿಯವನು ದೋಣಿಯ ವಿಷಯ ಮಾತಾಡಲು ಬಂದಿದ್ದಾನೆ ಅಂದರೆ ಕಡೂರು, ಬೀರೂರಿನ ಕಡೆ ರೇಡಿಯೊ ಮುಂದೆ ಕೂತವರು ನಕ್ಕರೂ ತಪ್ಪಿಲ್ಲ. ನಮ್ಮದು ತೆಂಗು, ರಾಗಿ, ಕೊಳವೆ ಬಾವಿಯ ಸೀಮೆ. ಮಳೆ ಕೈಕೊಟ್ಟ ವರ್ಷ ಕುಡಿಯುವ ನೀರಿಗೆ ಟ್ಯಾಂಕರ್ ದಾರಿ ಕಾಯುವ ಜನ ನಾವು. ಆದರೆ ನಮ್ಮ ನೀರಿನ ದಾರಿ ಹಿಡಿದು ಹೊರಟರೆ ಈ ನಗು ಸ್ವಲ್ಪ ಕಡಿಮೆಯಾದೀತು. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ ಹೊಳೆಗೆ ಸಖರಾಯಪಟ್ಟಣದ ಅಯ್ಯನಕೆರೆ ಇದೆ, ಅವತಿ ಹೊಳೆಗೆ ಮದಗದ ಕೆರೆ ಇದೆ. ಎರಡೂ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹೊಸದುರ್ಗದ ಕಡೆ ಹರಿದು ಮಾರಿಕಣಿವೆಯ ವಾಣಿವಿಲಾಸ ಸಾಗರ ಸೇರುತ್ತವೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದು. 2025ರ ಜನವರಿಯಲ್ಲಿ ಇನ್ನೊಮ್ಮೆ ಹರಿಯಿತು. ಅತ್ತ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಸುರಂಗ ದಾಟಿ ಭದ್ರೆಯ ನೀರು ನಮ್ಮ ಬಯಲು ಸೀಮೆಯ ಕಡೆಗೂ ಮುಖ ಮಾಡಿದೆ.

ಕೆರೆ ತುಂಬಿದ ವರ್ಷ ಹಳ್ಳಿಯಲ್ಲಿ ಏನೇನು ಆಗುತ್ತದೆ ಅಂತ ನಿಮಗೆ ಗೊತ್ತು. ಏರಿಯ ಮೇಲೆ ಜನ ಸೇರುತ್ತಾರೆ, ಗಂಗಾಪೂಜೆ ಆಗುತ್ತದೆ, ಬಾಗಿನ ಬಿಡುತ್ತಾರೆ. ಅದರ ಹಿಂದೆಯೇ ಮೀನಿನ ಗುತ್ತಿಗೆಯ ಮಾತು ಶುರುವಾಗುತ್ತದೆ. ಕಟ್ಲಾ, ರೋಹು, ಮೃಗಾಲ್ ಮರಿ ಬಿಡುವುದು, ವರ್ಷ ಕಾದು ಬಲೆ ಹಾಕುವುದು. ಕೆರೆ ಅರೆಬರೆ ತುಂಬಿದ್ದರೆ ತೆಪ್ಪ ಸಾಕು. ಏಳೆಂಟು ಆಳು ನೀರು ನಿಂತ ಕೆರೆಗೆ ತೆಪ್ಪ ಸಾಲದು. ಆಗ ಯಾರಿಗಾದರೂ ದೋಣಿಯ ಯೋಚನೆ ಬರುತ್ತದೆ. ಹೊಸ ದೋಣಿಯ ಬೆಲೆ ಕೇಳಿದ ಕೂಡಲೇ ಹಳೆ ದೋಣಿಯ ಯೋಚನೆ ಬರುತ್ತದೆ.

ನನ್ನ ಭಾವಮೈದುನ ಮತ್ತು ಅವನ ಜೊತೆಗಾರರು ಹೀಗೆ ಒಂದು ಕೆರೆ ಹಿಡಿದರು. ದಲ್ಲಾಳಿಯೊಬ್ಬರ ಮೂಲಕ ಕರಾವಳಿಯಿಂದ ಒಂದು ಹಳೆಯ ಫೈಬರ್ ದೋಣಿ ಬಂತು. ಬೆಲೆ ಹೊಸದರ ಅರ್ಧಕ್ಕೂ ಕಡಿಮೆ. ಲಾರಿಯಿಂದ ಇಳಿಸಿದಾಗ ನೋಡಲು ಚೆನ್ನಾಗಿಯೇ ಇತ್ತು. ಹೊರಗೆ ಆಕಾಶನೀಲಿ, ಒಳಗೆ ಬಿಳಿ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಾಯಿ ಒಡೆದು, ಅರಿಶಿನ ಕುಂಕುಮ ಹಚ್ಚಿ ಇಳಿಸಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಒಳಗೆ ಅಂಗೈ ಮುಳುಗುವಷ್ಟು ನೀರು. ರಾತ್ರಿ ಮಳೆ ಬಂದಿತ್ತಲ್ಲ, ಅದೇ ಇರಬೇಕು ಅಂದುಕೊಂಡು ಮೊಗೆದು ಚೆಲ್ಲಿದರು. ಆಮೇಲೆ ಮಳೆ ಇಲ್ಲದ ರಾತ್ರಿಯೂ ನೀರು ಬಂತು.

“ಭಾವ, ನೀವೊಂದ್ಸಲ ಬಂದು ನೋಡಿ, ಏನೂ ತಿಳೀತಿಲ್ಲ” ಅಂತ ಅವನ ಫೋನು. ದೋಣಿ ರಿಪೇರಿ ಬಲ್ಲ ಕರಾವಳಿಯ ಮೇಸ್ತ್ರಿಯೊಬ್ಬರು ಭದ್ರಾ ಹಿನ್ನೀರಿನ ಕೆಲಸಕ್ಕೆ ಬಂದಿದ್ದರು. ಅವರನ್ನೂ ಕರೆತಂದರು. ದೋಣಿಯನ್ನು ದಡಕ್ಕೆ ಎಳೆದು, ಹುಲ್ಲಿನ ಹೊರೆ ಹಾಸಿ, ಆರು ಜನ ಸೇರಿ ಮಗುಚಿದರು. ಮೇಸ್ತ್ರಿಯವರು ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಅದರ ಹಿಡಿಯಿಂದ ಮುಂಭಾಗದ ಕಡೆಯಿಂದ ಬಡಿಯುತ್ತ ಬಂದರು. ಟಣ್, ಟಣ್ ಅನ್ನುತ್ತಿದ್ದದ್ದು ನಡುಬೆನ್ನಿನ ಎಡಕ್ಕೆ ಬರುವಾಗ ಡಬ್ ಅಂತು. ಅಲ್ಲಿಯೇ ಸ್ಕ್ರೂಡ್ರೈವರಿನ ಮೊನೆ ಇಟ್ಟು ಒತ್ತಿದರು. ನೀಲಿ ಬಣ್ಣದ ಸಮೇತ ಮೊಳದುದ್ದದ ಪುಟ್ಟಿಯ ಹಲ್ಲೆ ಎದ್ದು ಬಂತು. ಕೆಳಗೆ ಸೀಳಿದ ಗಾಜುನೂಲು, ಅದರ ಒಳಗೆ ಕೊಳೆತ ಪ್ಲೈವುಡ್. ಬೆರಳಲ್ಲಿ ಹಿಸುಕಿದರೆ ಕಂದು ನೀರು ಇಳಿಯಿತು.

“ಇದು ಇಲ್ಲಿ ಆದ ಪೆಟ್ಟಲ್ಲ ಮಾರಾಯ್ರೆ. ಯಾವತ್ತೋ ಬಂಡೆಗೆ ಹೊಡೆದದ್ದು. ಮೇಲೆ ಬಣ್ಣ ಬಳಿದು ನಿಮಗೆ ದಾಟಿಸಿದ್ದಾರೆ” ಅಂದರು ಮೇಸ್ತ್ರಿ.

ಈ ಒಂದು ಮಾತನ್ನು ಹಿಡಿದುಕೊಂಡೇ ಇವತ್ತು ಮಾತಾಡುತ್ತೇನೆ. ಹಳೆ ದೋಣಿ ಕೊಳ್ಳುವವನು ನೋಡುವುದು ನೀರಿನ ಮೇಲಿನ ಅರ್ಧ. ಅವನು ದುಡ್ಡು ಕೊಡುವುದು ನೀರಿನ ಕೆಳಗಿನ ಅರ್ಧಕ್ಕೆ. ಎಂಜಿನ್ ಕೆಟ್ಟರೆ ಹುಟ್ಟು ಹಾಕಿಕೊಂಡು ದಡ ಸೇರಬಹುದು, ಬಲೆ ಹರಿದರೆ ಹೆಣೆಯಬಹುದು. ತಳ ಬಿಟ್ಟರೆ ಉಳಿದದ್ದು ಯಾವುದೂ ಲೆಕ್ಕಕ್ಕಿಲ್ಲ.

ಫೈಬರ್ ದೋಣಿ ಹೇಗೆ ಹುಟ್ಟುತ್ತದೆ ಅಂತ ಮೊದಲು ತಿಳಿದರೆ ಹೇಗೆ ಸಾಯುತ್ತದೆ ಅನ್ನುವುದು ತಾನೇ ತಿಳಿಯುತ್ತದೆ. ಅಚ್ಚಿನ ಒಳಮೈಗೆ ಮೊದಲು ಜೆಲ್‌ಕೋಟ್ ಎಂಬ ನುಣುಪು ಪದರ ಬಳಿಯುತ್ತಾರೆ. ಅದರ ಮೇಲೆ ಗಾಜುನೂಲಿನ ಹಾಸು, ರೆಸಿನ್, ಮತ್ತೆ ಹಾಸು, ಮತ್ತೆ ರೆಸಿನ್, ಹೀಗೆ ಪದರದ ಮೇಲೆ ಪದರ. ಗಟ್ಟಿತನ ಬೇಕಾದ ಕಡೆ, ಅಂದರೆ ನೆಲಹಾಸಿನ ಕೆಳಗಿನ ಪಟ್ಟಿಗಳಲ್ಲಿ, ಎಂಜಿನ್ ತೂಗುವ ಹಿಂಗೋಡೆಯಲ್ಲಿ, ಮರ ಅಥವಾ ಪ್ಲೈವುಡ್ ಇಟ್ಟು ಅದರ ಮೇಲೂ ಗಾಜುನೂಲು ಹೊದಿಸುತ್ತಾರೆ. ಮುಳುಗದೆ ಇರಲೆಂದು ಕೆಲವು ದೋಣಿಗಳ ಹೊಟ್ಟೆಗೆ ಫೋಮ್ ತುಂಬುತ್ತಾರೆ. ಹೊರಗಿನ ನುಣುಪು ಪದರ ಗಟ್ಟಿಯಾಗಿರುವ ತನಕ ನೀರಿಗೆ ದಾರಿ ಇಲ್ಲ. ಮರಳಿನ ಮೇಲೆ ಎಳೆದೆಳೆದು ಬೆನ್ನು ಸವೆದರೆ, ದಕ್ಕೆಯ ಗೋಡೆಗೆ ತಾಗಿದರೆ, ಬಂಡೆ ಮುಟ್ಟಿದರೆ ಆ ಪದರ ಬಿರಿಯುತ್ತದೆ. ಕೂದಲೆಳೆಯ ಬಿರುಕು ಸಾಕು. ಗಾಜುನೂಲಿನ ಗುಂಟ ನೀರು ಒಳಗೊಳಗೇ ತೆವಳಿ ಪ್ಲೈವುಡ್ ಮುಟ್ಟುತ್ತದೆ. ಮರ ಕೊಳೆತರೂ ಹೊರಗಿನ ಸಿಪ್ಪೆ ನೆಟ್ಟಗೆ ನಿಂತಿರುತ್ತದೆ. ಕೊಳ್ಳುವವನಿಗೆ ಕಾಣುವುದು ಆ ಸಿಪ್ಪೆ.

ಬಿರುಕು ಇಲ್ಲದೆಯೂ ಹಾನಿ ಆಗುವುದುಂಟು. ವರ್ಷಗಟ್ಟಲೆ ನೀರಲ್ಲೇ ನಿಂತ ದೋಣಿಯ ಜೆಲ್‌ಕೋಟ್ ಮೂಲಕ ನೀರಿನ ಅಂಶ ಇಷ್ಟಿಷ್ಟೇ ಒಳಗಿಳಿದು, ರೆಸಿನ್‌ನಲ್ಲಿ ಕರಗುವ ಅಂಶಗಳ ಜೊತೆ ಸೇರಿ ಹುಳಿ ದ್ರವವಾಗುತ್ತದೆ. ಅದು ಇನ್ನಷ್ಟು ನೀರನ್ನು ಸೆಳೆದು ಗುಳ್ಳೆ ಏಳಿಸುತ್ತದೆ. ತಳದ ಮೇಲೆ ಗುಳ್ಳೆ ಕಂಡರೆ ಒಂದನ್ನು ಚುಚ್ಚಿ ಮೂಸಿ ನೋಡಿ. ವಿನಿಗರ್ ಘಾಟು ಬಂದರೆ ಅದು ಬರೀ ಬಣ್ಣ ಉಬ್ಬಿದ್ದಲ್ಲ, ರೋಗ ಪದರದೊಳಗೆ ಇಳಿದಿದೆ ಅಂತ ಅರ್ಥ. ಚುಚ್ಚುವಾಗ ಮುಖ ದೂರ ಇರಲಿ, ಒತ್ತಡದಿಂದ ಕಣ್ಣಿಗೆ ಸಿಡಿಯಬಹುದು.

ಹಾಗಾದರೆ ಪರೀಕ್ಷೆ ಹೇಗೆ? ದೊಡ್ಡ ಯಂತ್ರವೇನೂ ಬೇಡ. ಮೊದಲನೆಯದು ಬಡಿತ. ಮೇಸ್ತ್ರಿ ಮಾಡಿದ್ದು ಅದನ್ನೇ. ಯಗಟಿ ಸೀಮೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಅಟ್ಟದ ಮೇಲಿನ ಕಾಯಿಯನ್ನು ಕೈಯಲ್ಲಿ ಆಡಿಸಿ, ಕಿವಿಗೆ ಹಿಡಿದು, ಬೆರಳ ಗಂಟಿನಿಂದ ತಟ್ಟಿ ಒಳಗಿನ ಕೊಬ್ಬರಿ ಬಿಟ್ಟಿದೆಯೋ, ನೀರು ಉಳಿದಿದೆಯೋ, ಕೊಳೆತಿದೆಯೋ ಅಂತ ಹೇಳುವ ಅಜ್ಜಂದಿರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಆ ಕಿವಿಯೇ ಇಲ್ಲಿಯೂ ಸಾಕು. ಗಟ್ಟಿ ಜಾಗ ಚುರುಕಾಗಿ ದನಿ ಕೊಡುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಮಾತಾಡುತ್ತದೆ. ಒಂದು ಗೇಣಿಗೊಮ್ಮೆ ತಟ್ಟಿ, ದನಿ ಬದಲಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಕೊನೆಯಲ್ಲಿ ಆ ಗುರುತುಗಳೇ ಒಂದು ಆಕಾರ ಕೊಡುತ್ತವೆ.

ಎರಡನೆಯದು ಬೆಳಕು. ದಪ್ಪ ಬಣ್ಣ ಇಲ್ಲದ ಫೈಬರ್ ಮೂಲಕ ಬೆಳಕು ಅಷ್ಟಿಷ್ಟು ಹಾಯುತ್ತದೆ. ಕತ್ತಲಾದ ಮೇಲೆ ಒಳಗಿನಿಂದ ಜೋರು ಟಾರ್ಚ್ ಹಿಡಿದು ಹೊರಗಿನಿಂದ ನೋಡಿದರೆ ಪೆಟ್ಟು ತಿಂದ ಜಾಗ, ತೇಪೆ ಹಾಕಿದ ಜಾಗ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ. ಇಡೀ ದೋಣಿಗೆ ಹೊಸ ಬಣ್ಣ ಬಳಿದಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಮಾರುವ ಮುಂಚೆ ಹೊಸ ಬಣ್ಣ ಯಾಕೆ ಬಂತು ಅಂತ ಕೇಳಬೇಕಾದದ್ದು ಆಗಲೇ.

ಮೂರನೆಯದು ಹಿಂಗೋಡೆ. ಎಂಜಿನ್ ತೂಗಿಸಿರುವಾಗ ಅದರ ಕಾಲನ್ನು ಹಿಡಿದು ಮೇಲೆ ಕೆಳಗೆ ಅದುಮಿ. ದೋಣಿ ಪೂರ್ತಿ ಅಲುಗಿದರೆ ಸರಿ. ಹಿಂಗೋಡೆ ಮಾತ್ರ ಬಾಗಿದರೆ ಒಳಗಿನ ಪ್ಲೈವುಡ್ ಹೋಗಿದೆ.

ನಾಲ್ಕನೆಯದು ತೂಕ. ಕಡೂರು, ಬೀರೂರಿನಲ್ಲಿ ವೇಬ್ರಿಡ್ಜ್‌ಗೆ ಬರವಿಲ್ಲ. ದೋಣಿ ಹೊತ್ತ ಲಾರಿಯನ್ನು ತೂಗಿ, ಖಾಲಿ ಲಾರಿಯ ತೂಕ ಕಳೆಯಿರಿ. ಅದೇ ಅಳತೆಯ ಹೊಸ ದೋಣಿಯ ತೂಕ ತಯಾರಕರ ಬಳಿ ಸಿಗುತ್ತದೆ. ನಿಮ್ಮದು ಅದಕ್ಕಿಂತ ಬಹಳ ಹೆಚ್ಚು ತೂಗಿದರೆ ಆ ಹೆಚ್ಚಿನ ಭಾರ ಫೋಮ್ ಮತ್ತು ಮರ ಕುಡಿದ ನೀರಿನದು.

ಐದನೆಯದು ನೀರನ್ನು ತಿರುಗಿಸುವುದು. ದೋಣಿಯನ್ನು ದಡದಲ್ಲೇ ದಿಂಡುಗಳ ಮೇಲೆ ಸಮನಾಗಿ ಕೂರಿಸಿ ಒಳಗೆ ಒಂದು ಗೇಣು ನೀರು ಹುಯ್ದು ಕಾಯಿರಿ. ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೋ ಅದೇ ದಾರಿ. ಗೇಣಿಗಿಂತ ಹೆಚ್ಚು ಹುಯ್ಯಬೇಡಿ. ದಡದ ಮೇಲೆ ಆ ಭಾರ ತಡೆಯುವಂತೆ ದೋಣಿ ಕಟ್ಟಿರುವುದಿಲ್ಲ.

ಮರದ ದೋಣಿಯ ಕಥೆ ಬೇರೆ. ಸಮುದ್ರದಲ್ಲಿ ದುಡಿದ ಮರದ ದೋಣಿಗೆ ಟೆರೆಡೊ ಎಂಬ ಮರ ಕೊರೆಯುವ ಜೀವಿಯ ಕಾಟ ಇರುತ್ತದೆ. ನೋಡಲು ಹುಳುವಿನಂತಿದ್ದರೂ ಅದು ಹುಳುವಲ್ಲ, ಕರಾವಳಿಯವರು ಸಾರು ಮಾಡುವ ಮರುವಾಯಿ ಚಿಪ್ಪಿನ ಕುಲದ್ದು. ಮರಿಯಾಗಿರುವಾಗ ಸೂಜಿಮೊನೆಯಷ್ಟು ತೂತು ಮಾಡಿ ಒಳಹೊಕ್ಕು, ಒಳಗೇ ಬೆಳೆಯುತ್ತ, ಬೆರಳು ದಪ್ಪದ ಸುರಂಗ ಕೊರೆದುಕೊಂಡು ಹೋಗುತ್ತದೆ. ಹೊರಗಿನ ತೂತು ಮಾತ್ರ ಸೂಜಿಮೊನೆಯಷ್ಟೇ ಉಳಿಯುತ್ತದೆ. ಇದಕ್ಕೆ ಉಪ್ಪುನೀರು ಬೇಕು, ನಮ್ಮ ಕೆರೆಯ ಸಿಹಿನೀರಿಗೆ ಬಂದರೆ ಸಾಯುತ್ತದೆ. ಹಾಗಂತ ಸಮಾಧಾನ ಪಡಬೇಡಿ, ಸುರಂಗ ಸಾಯುವುದಿಲ್ಲ. ಘಟ್ಟ ಹತ್ತಿ ಬಂದ ಮರದ ದೋಣಿಯಲ್ಲಿ ನವುರಾದ ತೂತುಗಳ ಸಾಲು ಕಂಡರೆ ದಬ್ಬಳ ತೆಗೆದು ಚುಚ್ಚಿ ನೋಡಿ. ಗಟ್ಟಿ ಮರ ದಬ್ಬಳವನ್ನು ತಡೆಯುತ್ತದೆ, ಟೊಳ್ಳಾದ ಮರ ಹಿಡಿಯ ತನಕ ಒಳಗೆ ಬಿಡುತ್ತದೆ. ಇನ್ನೊಂದು ಮಾತು. ಮರದ ದೋಣಿ ನಮ್ಮ ಬಿಸಿಲಲ್ಲಿ ತಿಂಗಳುಗಟ್ಟಲೆ ಒಣಗಿದರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ಇಳಿಸಿದ ಮೊದಲ ದಿನ ನೀರು ಜಿನುಗುವುದು ಸಹಜ, ಹಲಗೆ ನೆನೆದು ಹಿಗ್ಗಿದರೆ ಅದು ನಿಲ್ಲಬೇಕು. ನಿಲ್ಲದಿದ್ದರೆ ಅದು ಸಂದಿನ ತೊಂದರೆಯಲ್ಲ.

ಕೊಳ್ಳುವುದಕ್ಕೂ ಒಂದು ಕಾಲ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ದೋಣಿಗಳನ್ನು ಮೇಲೆಳೆದು ರಿಪೇರಿ ಮಾಡುವ ತಿಂಗಳುಗಳು ಅವು. ತಳ ಕಣ್ಣಿಗೆ ಕಾಣುವುದು ಆಗ. ಪಕ್ಕದಲ್ಲೇ ರಿಪೇರಿ ಮೇಸ್ತ್ರಿಗಳೂ ಇರುತ್ತಾರೆ, ಕೂಲಿ ಕೊಟ್ಟರೆ ಅರ್ಧ ದಿನದಲ್ಲಿ ನೋಡಿ ಹೇಳುತ್ತಾರೆ. ನಮ್ಮವರು ಮಾತ್ರ ದೋಣಿ ಹುಡುಕುವುದು ಕೆರೆ ತುಂಬಿದ ಮೇಲೆ, ಅಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಒಳ್ಳೆಯ ದೋಣಿಗಳೆಲ್ಲ ಸಮುದ್ರದಲ್ಲಿ ದುಡಿಯುತ್ತಿರುತ್ತವೆ. ದಡದಲ್ಲಿ ಉಳಿದು ಮಾರಾಟಕ್ಕೆ ನಿಂತ ದೋಣಿ ಯಾಕೆ ಉಳಿಯಿತು ಅಂತ ಒಂದು ಮಾತು ಕೇಳಲೇಬೇಕು.

ಇದೆಲ್ಲ ಹಳ್ಳಿಯವರ ಮುಗ್ಧತನ, ಓದಿದವರಾದರೆ ಹೀಗೆ ಬೀಳುತ್ತಿರಲಿಲ್ಲ ಅಂತ ಯಾರಿಗಾದರೂ ಅನ್ನಿಸಿದರೆ ಕಾರವಾರದ ಕದಂಬ ನೌಕಾನೆಲೆಯಲ್ಲಿ ಲಂಗರು ಹಾಕುವ ವಿಕ್ರಮಾದಿತ್ಯ ಹಡಗಿನ ಕಥೆ ಕೇಳಿ. ಅದೂ ಹಳೆ ಮಾಲೇ. ಸೋವಿಯತ್ ನೌಕಾಪಡೆಗೆ 1987ರಲ್ಲಿ ಬಾಕು ಎಂಬ ಹೆಸರಲ್ಲಿ ಸೇರಿ, ಆಮೇಲೆ ಅಡ್ಮಿರಲ್ ಗೋರ್ಷ್ಕೋವ್ ಆದ ವಿಮಾನವಾಹಕ ಹಡಗು. 1994ರಲ್ಲಿ ಅದರ ಬಾಯ್ಲರ್ ಕೋಣೆಯಲ್ಲಿ ಸ್ಫೋಟ ಆಗಿತ್ತು. 1996ರಲ್ಲಿ ರಷ್ಯಾ ಅದನ್ನು ಸೇವೆಯಿಂದ ಇಳಿಸಿತು. 2004ರ ಜನವರಿ 20ರಂದು ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಹಡಗಿನ ಒಡಲು ಪುಕ್ಕಟೆ, ನವೀಕರಣಕ್ಕೆ ಮಾತ್ರ 97.4 ಕೋಟಿ ಡಾಲರ್, 2008ರಲ್ಲಿ ಹಡಗು ಕೈಗೆ ಅನ್ನುವುದು ಮಾತು.

ಕೆಲಸ ಶುರುವಾಗಿ ಒಳಗೋಡೆ ಬಿಚ್ಚುತ್ತ ಹೋದಂತೆ ಅಂದಾಜೆಲ್ಲ ತಲೆಕೆಳಗಾಯಿತು. ಬದಲಿಸಬೇಕಾದ ಕೇಬಲ್ಲುಗಳು ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚಿದ್ದವು. ಸುಮಾರು 2500 ಕೋಣೆಗಳ ಪೈಕಿ 1750ರಷ್ಟನ್ನು ಹೊಸದಾಗಿ ಮಾಡಬೇಕಾಯಿತು. 2009ರಲ್ಲಿ ಮಹಾಲೇಖಪಾಲರ ವರದಿ, ಈ ಹಳೆ ಹಡಗು ಹೊಸ ಹಡಗಿಗಿಂತ ಶೇಕಡಾ 60ರಷ್ಟು ದುಬಾರಿಯಾಗುತ್ತದೆ, ಆಯುಸ್ಸು ಅರ್ಧ ಅಂತ ಕಟುವಾಗಿ ಬರೆಯಿತು. 2010ರಲ್ಲಿ ಮರುಮಾತುಕತೆ ಮುಗಿದಾಗ ಬೆಲೆ 230 ಕೋಟಿ ಡಾಲರ್ ದಾಟಿತ್ತು. 2012ರಲ್ಲಿ ಸಮುದ್ರಕ್ಕಿಳಿಸಿ ಪೂರ್ತಿ ವೇಗ ಕೊಟ್ಟಾಗ ಎಂಟು ಬಾಯ್ಲರ್‌ಗಳ ಪೈಕಿ ಏಳು ಕೆಟ್ಟವು. ಕೊನೆಗೆ 2013ರ ನವೆಂಬರ್ 16ರಂದು ಸೇವೆಗೆ ಸೇರಿ, 2014ರ ಜನವರಿಯಲ್ಲಿ ಕಾರವಾರ ಮುಟ್ಟಿತು.

ನೌಕಾಪಡೆಯಲ್ಲಿ ತಜ್ಞರಿಗೆ ಕೊರತೆಯೇ? ಇಲ್ಲ. ಅವರಿಗೂ ತೊಡಕಾದದ್ದು ನಮ್ಮ ಕೆರೆಯವರಿಗೆ ಆದದ್ದೇ. ಹಡಗನ್ನು ಬಿಚ್ಚದೆ ಒಳಗೇನಿದೆ ಅಂತ ತಿಳಿಯುವುದಿಲ್ಲ, ಕೊಳ್ಳುವ ಮೊದಲು ಮಾರುವವನು ಬಿಚ್ಚಲು ಬಿಡುವುದಿಲ್ಲ. ಪುಕ್ಕಟೆ ಒಡಲು ಅನ್ನುವ ಮಾತಿನ ಬೆಲೆ ಆಮೇಲೆ ತಿಳಿಯುತ್ತದೆ. ಒಂದು ವ್ಯತ್ಯಾಸ ಉಂಟು. ಸರ್ಕಾರಕ್ಕೆ ಮತ್ತೆ ಕೂತು ಚೌಕಾಸಿ ಮಾಡುವ ಬಲ ಇತ್ತು, ನಷ್ಟ ತಡೆಯುವ ಬೊಕ್ಕಸ ಇತ್ತು. ತೆಂಗಿನ ತೋಟದ ಮೇಲೆ ಸಾಲ ತಂದು ದೋಣಿ ಕೊಂಡವನಿಗೆ ಎರಡೂ ಇಲ್ಲ. ಅವನಿಗೆ ಇರುವುದು ಕೊಳ್ಳುವ ಮುಂಚಿನ ಅರ್ಧ ದಿನ ಮಾತ್ರ.

ಕಾನೂನು ಏನನ್ನುತ್ತದೆ? ನಮ್ಮಲ್ಲಿ ಎರಡು ಹಳೆಯ ಕಾಯ್ದೆಗಳು ಈ ವಿಷಯ ಹೇಳುತ್ತವೆ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ಮೂಲಭಾವ, ಕೊಳ್ಳುವವನೇ ಎಚ್ಚರವಾಗಿರಬೇಕು ಅನ್ನುವುದು. ಅದಕ್ಕೆ ವಿನಾಯಿತಿಗಳೂ ಇವೆ. ಮಾರುವವನು ಅದೇ ವಸ್ತುವಿನ ವ್ಯಾಪಾರಿಯಾಗಿದ್ದು, ಇಂಥ ಕೆಲಸಕ್ಕೆ ಬೇಕು ಅಂತ ನೀವು ಹೇಳಿ, ಅವನ ತಿಳಿವಳಿಕೆಯನ್ನೇ ನಂಬಿ ಕೊಂಡಿದ್ದರೆ ಅವನಿಗೆ ಹೊಣೆ ಇದೆ. ನೀವೇ ಪರೀಕ್ಷೆ ಮಾಡಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ತಕರಾರು ಎತ್ತುವುದು ಕಷ್ಟ.

1872ರ ಕರಾರು ಕಾಯ್ದೆ ಇನ್ನೊಂದು ಗೆರೆ ಎಳೆಯುತ್ತದೆ. ಮಾರುವವನು ಬಾಯಿ ಮುಚ್ಚಿ ಕೂತರೆ, ಸಾಮಾನ್ಯವಾಗಿ ಅದಷ್ಟೇ ಮೋಸ ಆಗುವುದಿಲ್ಲ. ಗೊತ್ತಿರುವ ದೋಷವನ್ನು ಕೈಯಾರೆ ಮುಚ್ಚಿಟ್ಟರೆ 17ನೆಯ ಕಲಮಿನ ಪ್ರಕಾರ ಅದು ವಂಚನೆ. ಬಿರುಕಿನ ಬಗ್ಗೆ ಹೇಳದೆ ಇರುವುದು ಒಂದು, ಬಿರುಕಿಗೆ ಪುಟ್ಟಿ ತುಂಬಿ ನೀಲಿ ಬಣ್ಣ ಬಳಿಯುವುದು ಇನ್ನೊಂದು. ಎರಡನೆಯದಾದರೆ ಕರಾರನ್ನೇ ರದ್ದು ಮಾಡುವಂತೆ ಕೇಳಬಹುದು. ಪುಟ್ಟಿ ಮೆತ್ತಿದ್ದು ಇವರೇ ಅಂತ ತೋರಿಸುವ ಭಾರ ಮಾತ್ರ ನಿಮ್ಮದು. ಅದಕ್ಕೇ ಎದ್ದು ಬಂದ ಹಲ್ಲೆಯನ್ನು ಬಿಸಾಡಬೇಡಿ, ರಿಪೇರಿಗೆ ಮೊದಲು ಫೋಟೊ ತೆಗೆಯಿರಿ, ಮೇಸ್ತ್ರಿಯ ಅಭಿಪ್ರಾಯವನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಗ್ರಾಹಕ ಆಯೋಗಕ್ಕೆ ಹೋಗಬಹುದೇ ಅಂತ ಬಹಳ ಜನ ಕೇಳುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡವನಿಗೆ ಆ ಬಾಗಿಲು ತೆರೆದಿದೆ. ತಾನೇ ದೋಣಿ ಹತ್ತಿ ಬಲೆ ಬೀಸುವ ಮೀನುಗಾರ ಈ ಸಾಲಿಗೆ ಬರಬಹುದು. ಮಾರಿದವರು ದೋಣಿ ವ್ಯಾಪಾರಿಗಳಾಗಿರಬೇಕು, ದೂರು ಎರಡು ವರ್ಷದೊಳಗೆ ಆಗಬೇಕು, ರಸೀತಿ ಇರಬೇಕು. ಬಾಯಿಮಾತಿನಲ್ಲಿ, ದಲ್ಲಾಳಿಯ ಕೈಗೆ ನೋಟು ಎಣಿಸಿ ಕೊಟ್ಟ ವ್ಯವಹಾರಕ್ಕೆ ಯಾವ ಆಯೋಗವೂ ಸಹಾಯ ಮಾಡಲಾರದು. ಎಂಜಿನ್ ಇರುವ ದೋಣಿಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಒಳನಾಡಿನ ನೀರಲ್ಲಿ ಯಂತ್ರದಿಂದ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ತಪಾಸಣೆ, ನೋಂದಣಿಯ ಕ್ರಮ ಹೇಳುತ್ತದೆ. ಕಾಗದಪತ್ರ ಯಾರ ಹೆಸರಲ್ಲಿದೆ, ಸಾಲ ತೀರಿದೆಯೇ ಅಂತ ಮುಂಗಡ ಕೊಡುವ ಮೊದಲೇ ನೋಡಿ.

ಇನ್ನು ರಿಪೇರಿ. ಹಾನಿ ಕಂಡ ಕೂಡಲೇ ದೋಣಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಪೆಟ್ಟಿನ ಜಾಗವನ್ನು ಗಟ್ಟಿ ಪದರ ಸಿಗುವ ತನಕ ಗ್ರೈಂಡರ್ ಹಾಕಿ ತೆಗೆಯಬೇಕು. ಕೊಳೆತ ಪ್ಲೈವುಡ್ ಒಂದು ಚೂರೂ ಉಳಿಯಬಾರದು. ಆಮೇಲೆ ಒಣಗಿಸಬೇಕು, ಇಲ್ಲಿ ಆತುರ ನಡೆಯುವುದಿಲ್ಲ. ಒದ್ದೆ ಗಾಜುನೂಲಿನ ಮೇಲೆ ಹಾಕಿದ ತೇಪೆ ಹಿಡಿಯುವುದಿಲ್ಲ. ಈ ವಿಷಯದಲ್ಲಿ ನಮ್ಮ ಸೀಮೆಗೆ ಕರಾವಳಿಗಿಂತ ಅನುಕೂಲ ಹೆಚ್ಚು, ಶಿವರಾತ್ರಿ ಆಚೀಚೆಯ ನಮ್ಮ ಒಣಗಾಳಿ ಖರ್ಚಿಲ್ಲದೆ ಆ ಕೆಲಸ ಮಾಡಿಕೊಡುತ್ತದೆ. ತೂತಿನ ಅಂಚನ್ನು ನೇರ ಗೋಡೆಯಂತೆ ಬಿಡದೆ ಇಳಿಜಾರಾಗಿ ಉಜ್ಜಬೇಕು. ತಳದ ದಪ್ಪಕ್ಕೆ ಹನ್ನೆರಡು ಪಟ್ಟು ಇಳಿಜಾರು ಅನ್ನುವುದು ಕಸುಬಿನವರ ಲೆಕ್ಕ. ಆರು ಮಿಲಿಮೀಟರ್ ದಪ್ಪದ ತಳಕ್ಕೆ ಸುತ್ತಲೂ ಏಳು ಸೆಂಟಿಮೀಟರಿನಷ್ಟು. ಆ ಇಳಿಜಾರಿನ ಮೇಲೆ ಗಾಜುನೂಲಿನ ಹಾಸನ್ನು ಪದರ ಪದರವಾಗಿ ಕೂರಿಸಬೇಕು. ಹಳೆಯ ಫೈಬರಿಗೆ ತೇಪೆ ಹಾಕುವಾಗ ಪಾಲಿಯೆಸ್ಟರ್ ರೆಸಿನ್‌ಗಿಂತ ಎಪಾಕ್ಸಿ ಗಟ್ಟಿಯಾಗಿ ಕಚ್ಚುತ್ತದೆ, ಬೆಲೆ ಮಾತ್ರ ಹೆಚ್ಚು. ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಟವೆಲ್ ಸುತ್ತಿಕೊಂಡರೆ ಸಾಲದು, ಸರಿಯಾದ ಮಾಸ್ಕ್, ಕನ್ನಡಕ ಬೇಕು. ಪಾಲಿಯೆಸ್ಟರ್ ಬಳಸುವುದಾದರೆ ಅದಕ್ಕೆ ಬೆರೆಸುವ ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಬೆಂಕಿ ಹತ್ತೀತು. ಒಂದೊಂದಾಗಿ ರೆಸಿನ್‌ಗೇ ಕಲಸಬೇಕು.

ನಮ್ಮ ನಾಡಿನ ಹರಿಗೋಲನ್ನು ಇಲ್ಲಿ ನೆನೆಯಬೇಕು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ 16ನೆಯ ಶತಮಾನದಲ್ಲೇ ತುಂಗಭದ್ರೆ ದಾಟಿಸುವ ಬುಟ್ಟಿಯಂಥ ಈ ದೋಣಿಗಳನ್ನು ಕಂಡು ಬರೆದಿದ್ದಾನೆ. ಆಗ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ, ಫೈಬರಿನ ಹರಿಗೋಲೂ ಬಂದಿದೆ. ಕೆಲಸ ಮುಗಿದ ಮೇಲೆ ಹರಿಗೋಲನ್ನು ನೀರಲ್ಲಿ ಬಿಟ್ಟು ಹೋಗುವುದಿಲ್ಲ. ಬೋರಲು ಹಾಕಿ ತಲೆಯ ಮೇಲೆ ಹೊತ್ತು ತಂದು ದಡದಲ್ಲಿ ಕವುಚಿ ಇಡುತ್ತಾರೆ. ಅದರ ತಳ ದಿನವೂ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಎಲ್ಲಿ ಸವೆದಿದೆ, ಎಲ್ಲಿ ಹೊಸ ಡಾಂಬರು ಬಿದ್ದಿದೆ ಅನ್ನುವುದು ಗುಟ್ಟಲ್ಲ. ಅದನ್ನು ಮಾರುವಾಗ ಸುಳ್ಳು ಹೇಳುವುದು ಕಷ್ಟ. ದೋಣಿ ದೊಡ್ಡದಾಗಿ, ಭಾರವಾಗಿ, ನೀರಲ್ಲೇ ನಿಲ್ಲುವಂತಾದ ಮೇಲೆ ತಳ ಮರೆಯಾಯಿತು. ಮುಚ್ಚಿಡಲು ಎಡೆ ಸಿಕ್ಕಿದ್ದೂ ಆಗಲೇ.

ನಮ್ಮ ಭಾವಮೈದುನನ ಗುಂಪಿನವರಿಗೆ ಒಂದು ಸುಲಭದ ದಾರಿ ಇತ್ತು. ದಲ್ಲಾಳಿಯೇ ಹೇಳಿದ್ದ. “ಅಣ್ಣಾ, ಪುಟ್ಟಿ ಹೊಡೆಸಿ ಬಣ್ಣ ಮಾಡ್ಸಿ ಕೊಡಿ, ಬೇರೆ ಪಾರ್ಟಿ ನಾನು ನೋಡ್ತೀನಿ.” ನಷ್ಟವೂ ಇಲ್ಲ, ರಿಪೇರಿಯೂ ಇಲ್ಲ. ಜೊತೆಗಾರರಲ್ಲಿ ಇಬ್ಬರಿಗೆ ಆ ಮಾತು ರುಚಿಸಿತು ಕೂಡ. ಕರಾವಳಿಯವನು ಘಟ್ಟದವನಿಗೆ ದಾಟಿಸಿದ್ದನ್ನು ಇವರು ಇನ್ನೊಂದು ಕೆರೆಯವರಿಗೆ ದಾಟಿಸಬೇಕು. ಅವರು ಮತ್ತೊಬ್ಬರಿಗೆ. ಹೀಗೆ ದಾಟುತ್ತ ದಾಟುತ್ತ ಕೊನೆಗೆ ಯಾವುದೋ ಕೆರೆಯ ನಡುನೀರಿನಲ್ಲಿ, ಈಜು ಬಾರದ ನಾಲ್ಕು ಜನ ಕೂತಿರುವಾಗ, ಆ ಹಲ್ಲೆ ತಾನಾಗಿಯೇ ಕಳಚಬೇಕು. ಹಿರಿಯನೊಬ್ಬ ಇದನ್ನು ಬಿಡಿಸಿ ಹೇಳಿದ ಮೇಲೆ ಎಲ್ಲರೂ ಸುಮ್ಮನಾದರು. ದೋಣಿಯನ್ನು ಬೇಸಿಗೆಗೆ ಒಣಗಿಸಿ, ಮೇಸ್ತ್ರಿಯಿಂದಲೇ ಕೆಲಸ ಮಾಡಿಸಿದರು. ರಿಪೇರಿ ಖರ್ಚು ಸೇರಿ ಅದು ಹೊಸ ದೋಣಿಯ ಬೆಲೆಗೆ ಬಹಳ ದೂರ ಉಳಿಯಲಿಲ್ಲ.

ಆದ್ದರಿಂದ ಕೊಳ್ಳುವವರಿಗೆ ನನ್ನ ಮಾತು ಇಷ್ಟೇ: ಕಾಸು ಬಿಚ್ಚುವ ಮುಂಚೆ ದೋಣಿ ಮಗುಚಿಸಿ. ಮಗುಚಲು ಒಪ್ಪದವನ ಹತ್ತಿರ ವ್ಯಾಪಾರ ಬೇಡ. ಬಲ್ಲವರೊಬ್ಬರನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಎಷ್ಟೇ ಗಟ್ಟಿ ದೋಣಿಯಾದರೂ ಆಳಿಗೊಂದು ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ.

ಮಾರುವವರಿಗೂ ಒಂದು ಮಾತಿದೆ, ಯಾಕೆಂದರೆ ಇವತ್ತು ಕೊಂಡವನು ನಾಳೆ ಮಾರುವವನೇ. ಮಾರಾಟದ ಕಾಗದದಲ್ಲಿ ಎರಡು ಸಾಲು ಹೆಚ್ಚು ಬರೆಯಿರಿ. ತಳದಲ್ಲಿ ಇಂಥ ಕಡೆ ಪೆಟ್ಟು ಬಿದ್ದಿತ್ತು, ಇಂಥ ವರ್ಷ ರಿಪೇರಿ ಆಗಿದೆ ಅಂತ. ಬೆಲೆ ಸ್ವಲ್ಪ ಇಳಿಯಬಹುದು. ನಾಳೆ ತಕರಾರು ಬಂದರೆ ಆ ಎರಡು ಸಾಲೇ ನಿಮ್ಮನ್ನು ಕಾಯುತ್ತವೆ, ಕೊಂಡವನಿಗೆ ಯಾವ ಜಾಗದ ಮೇಲೆ ಕಣ್ಣಿಡಬೇಕು ಅನ್ನುವುದೂ ಗೊತ್ತಿರುತ್ತದೆ. ನಮ್ಮ ಭಾವಮೈದುನನ ಗುಂಪಿನವರು ರಿಪೇರಿ ಆದ ಜಾಗಕ್ಕೆ ನೀಲಿ ಬಣ್ಣ ಬಳಿಸಲಿಲ್ಲ. ಬೇಕೆಂದೇ ಹಳದಿ ಹೊಡೆಸಿದ್ದಾರೆ. ಯಾರು ಕೇಳಿದರೂ ತೋರಿಸುತ್ತಾರೆ.